ಪೆಟ್ಟಿಗೆಯೊಳಗಿನ ಎಲೆಕ್ಟ್ರಾನ್

1998ರ ಮಾತು. ಕೊಪ್ಪಳ ಜಿಲ್ಲೆಯಾಗಿ ಒಂದು ವರ್ಷವಾಗಿತ್ತು. ಗಂಗಾವತಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನ್ನ ಪಾಲಿಗೆ ಹಳೆಯ ಕಂಪ್ಯೂಟರೊಂದು ಬಂದಿತ್ತು. ಹೊಸ ಎತ್ತು ತಂದ ರೈತನಂತೆ ನಾನು ಅದರ ಬಳಿಯಿಂದ ಕದಲುತ್ತಿರಲಿಲ್ಲ.

ಬಿ.ಎಸ್ಸಿ. ಪಾಠದಲ್ಲಿ ಪೆಟ್ಟಿಗೆಯೊಳಗಿನ ಎಲೆಕ್ಟ್ರಾನ್ ಬರುತ್ತದೆ. 1926ರಲ್ಲಿ ಶ್ರೋಡಿಂಗರ್ ಕೊಟ್ಟ ಸಮೀಕರಣದ ಪ್ರಕಾರ ಅದು ಅಲೆಯಂತೆ ವರ್ತಿಸುತ್ತದೆ. ಎರಡೂ ಗೋಡೆಗಳಲ್ಲಿ ಅಲೆ ಸೊನ್ನೆಗಿಳಿಯಬೇಕು. ಬಾವಿಯ ಹಗ್ಗವನ್ನು ಇಬ್ಬರು ಹುಡುಗರು ಹಿಡಿದು ಆಡಿಸಿದಾಗ, ಕೆಲವೇ ಲಯಗಳಲ್ಲಿ ಉಬ್ಬುಗಳು ನಿಲ್ಲುವುದಿಲ್ಲವೇ? ಹಾಗೆಯೇ ಎಲೆಕ್ಟ್ರಾನಿಗೂ ಕೆಲವೇ ಶಕ್ತಿಗಳು.

ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದೆ. ಒಂದು ನ್ಯಾನೋಮೀಟರ್ ಪೆಟ್ಟಿಗೆಯನ್ನು ನೂರು ಹೆಜ್ಜೆ ಮಾಡಿ, ಒಂದು ಶಕ್ತಿಯನ್ನು ಊಹಿಸಿ, ಎಡಗೋಡೆಯಿಂದ ಅಲೆಯನ್ನು ಹೆಜ್ಜೆಹೆಜ್ಜೆಯಾಗಿ ನಡೆಸುವುದು. ಬಲಗೋಡೆಯಲ್ಲಿ ಸೊನ್ನೆ ಬಾರದಿದ್ದರೆ ಮತ್ತೊಂದು ಊಹೆ. ನಡುನಡುವೆ ಕರೆಂಟು ಹೋಗಿ ಎಲ್ಲ ಮೊದಲಿನಿಂದ!

ಕೊನೆಗೆ ಶಕ್ತಿಗಳು 1, 4, 9ರ ಪ್ರಮಾಣದಲ್ಲೇ ಬಂದವು. ಕುಣಿದಾಡುವಷ್ಟು ಖುಷಿ. ಆದರೆ ಮೊದಲ ಶಕ್ತಿ 0.376 ಎಲೆಕ್ಟ್ರಾನ್ ವೋಲ್ಟ್ ಇರಬೇಕಿತ್ತು. ಬಂದದ್ದು ಅದರ ನೂರನೆಯ ಒಂದು ಪಾಲು. ಅಳತೆಯ ಮಾನ ಬದಲಿಸುವಾಗ ಎರಡು ಸೊನ್ನೆ ಜಾರಿರಬೇಕೆಂದು ಕೊನೆಯ ಸಾಲಿನಲ್ಲಿ ನೂರರಿಂದ ಗುಣಿಸಿಬಿಟ್ಟೆ. ಮರುದಿನ ತರಗತಿಯಲ್ಲಿ ಹೆಮ್ಮೆಯಿಂದ ತೋರಿಸಿದೆ.

ಕುಷ್ಟಗಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಪೆಟಗಿ ಎರಡ ನ್ಯಾನೋಮೀಟರ್ ಮಾಡಿ ನೋಡೋಣ್ರಿ. ಶಕ್ತಿ ಕಾಲುಭಾಗಕ್ಕ ಇಳೀಬೇಕಲ್ರಿ?”

ಮಾಡಿದೆವು. ಬಂದದ್ದು 0.188. ಕಾಲಲ್ಲ, ಅರ್ಧ.

ನನ್ನ ಮುಖ ಬಿಸಿಯಾಯಿತು. ಆ ರಾತ್ರಿ ಸಾಲುಸಾಲು ತಡಕಿದೆ. ಹೆಜ್ಜೆಯ ಉದ್ದದ ವರ್ಗ ಬೇಕಿದ್ದ ಕಡೆ ಬರೀ ಉದ್ದವನ್ನಷ್ಟೇ ಹಾಕಿದ್ದೆ. ಆ ತಪ್ಪು 1, 4, 9ನ್ನು ಕೆಡಿಸಿರಲಿಲ್ಲ. ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಎರಡು ಸೊನ್ನೆಗಳ ರೂಪದಲ್ಲಿ ಅದು ಕೂಗಿ ಹೇಳಿದಾಗ ನಾನೇ ಅದರ ಬಾಯಿ ಮುಚ್ಚಿದ್ದೆ.

ಆಗ ಯಲಬುರ್ಗಾದ ಅಪ್ಪ ನೆನಪಾದ. ಮಳೆ ನಂಬಿದ ಹೊಲ ಅವನದು. ಹಗ್ಗ ಹಿಡಿದು ಹೊಲ ಅಳೆದರೆ, ಎದುರಿನ ಬದುವಿನಿಂದ ಮತ್ತೊಮ್ಮೆ ಅಳೆಯುತ್ತಿದ್ದ. ಯಾಕೆಂದು ಕೇಳಿದರೆ, “ಒಂದ ಕಡಿಯಿಂದ ಅಳದ್ರ ತಪ್ಪೂ ಸರಿ ಕಂಡಂಗ ಕಾಣತೈತಿ, ತಮ್ಮಾ” ಎನ್ನುತ್ತಿದ್ದ. ಶಾಲೆಯ ಮೆಟ್ಟಿಲು ಹತ್ತದವನು.

ಮರುದಿನ ತರಗತಿಯಲ್ಲಿ ಆ ನೂರರ ಗುಣಾಕಾರವನ್ನು ಎಲ್ಲರೆದುರು ಅಳಿಸಿ, ತಪ್ಪಿದ್ದ ಸಾಲನ್ನು ತಿದ್ದಿದೆ. ಒಂದಕ್ಕೆ 0.376, ಎರಡಕ್ಕೆ 0.094. ಹುಡುಗಿ ಮೆಲ್ಲಗೆ ನಕ್ಕಳು. ಇಷ್ಟು ದೊಡ್ಡ ಪರೀಕ್ಷೆಯಲ್ಲಿ ನಾನು ಪಾಸಾದದ್ದು ಅದೇ ಮೊದಲು.

ಈಗ ಗುಂಡಿ ಒತ್ತಿದರೆ ಅಣುಗಳ ಲೆಕ್ಕವೂ ಕ್ಷಣದಲ್ಲಿ ಬರುತ್ತದೆ. ಉತ್ತರ ತಂದ ಮಕ್ಕಳಿಗೆ ನಾನು ಕೇಳುವುದು ಮಾತ್ರ ಅದೇ: “ಎದುರಿನ ಬದುವಿನಿಂದ ಅಳೆದಿರೇನ್ರಪ್ಪಾ?”