ಸಜ್ಜನರ ಮಾತಿಗೂ ಸಾಕ್ಷಿ ಬೇಕು

ದುಷ್ಟನ ಸುಳ್ಳನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಅವನು ಬಾಯಿ ತೆರೆಯುವ ಮುನ್ನವೇ ಕೇಳುವವನ ಮನಸ್ಸು ಎಚ್ಚರಗೊಂಡಿರುತ್ತದೆ. ಆದರೆ ಸಜ್ಜನನೂ ವ್ರತನಿಷ್ಠನೂ ಆದವನೊಬ್ಬ ಲೋಕಹಿತವನ್ನೇ ಬಯಸಿ ಆಡಿದ ಮಾತು ನಿಜವಲ್ಲವೆಂದು ಹೇಳಬೇಕಾಗಿ ಬಂದಾಗ ನಾಲಿಗೆ ಹಿಂಜರಿಯುತ್ತದೆ. ಹೇಳಿದರೆ ಪರನಿಂದೆಯ ದೋಷ. ಹೇಳದಿದ್ದರೆ ಅಸತ್ಯಕ್ಕೆ ಆಶ್ರಯವಿತ್ತ ದೋಷ. ಈ ಧರ್ಮಸಂಕಟವನ್ನು ಸಾವಿರ ವರ್ಷಗಳಿಗೂ ಹಿಂದೆ ಎದುರಿಸಿ, ಅದಕ್ಕಾಗಿ ಒಂದು ಶಾಸ್ತ್ರವನ್ನೇ ಕಟ್ಟಿದವರು ಇಸ್ಲಾಮೀ ಪರಂಪರೆಯ ಹದೀಸ್ ಪರೀಕ್ಷಕರು.

ಪ್ರವಾದಿ ಮುಹಮ್ಮದರು 632ರಲ್ಲಿ ಕಾಲವಾದರು. ಅವರ ನುಡಿ, ನಡೆ ಮತ್ತು ಮೌನಸಮ್ಮತಿಗಳನ್ನು ಕುರಿತ ನಿರೂಪಣೆಗೆ ಹದೀಸ್ ಎಂದು ಹೆಸರು. ಕುರ್‌ಆನನ್ನು ಬಿಟ್ಟರೆ ಮುಸ್ಲಿಮರ ಆಚಾರ, ವ್ಯವಹಾರ, ನ್ಯಾಯಗಳಿಗೆ ಇದೇ ಮುಖ್ಯ ಆಧಾರ. ಪ್ರತಿಯೊಂದು ಹದೀಸಿಗೂ ಎರಡು ಅಂಗಗಳುಂಟು: ಹೇಳಿಕೆಯ ಪಾಠವಾದ ‘ಮತ್ನ್’, ಅದು ಯಾರಿಂದ ಯಾರಿಗೆ ಬಂದಿತೆಂದು ತಿಳಿಸುವ ಹೆಸರುಗಳ ಸರಪಳಿಯಾದ ‘ಇಸ್ನಾದ್’. ವರ್ತಕರಿಗೆ ಇದು ಸುಲಭವಾಗಿ ತಿಳಿಯುವ ವಿಷಯ. ಹುಂಡಿಯೊಂದು ಐದು ಕೈ ದಾಟಿ ಬಂದರೆ ಐವರ ರುಜುವನ್ನೂ ನೋಡಬೇಕು. ನಡುವಿನ ಒಂದು ರುಜು ಖೋಟಾ ಆದರೆ ಉಳಿದ ನಾಲ್ವರ ಸಾಹುಕಾರಿಕೆ ಅದನ್ನು ಉಳಿಸಲಾರದು.

ಆರಂಭದಲ್ಲಿ ಹೀಗೆ ವಿಚಾರಿಸುವ ಪದ್ಧತಿ ಇರಲಿಲ್ಲ. ಮೂರನೆಯ ಖಲೀಫ ಉಸ್ಮಾನರು 656ರಲ್ಲಿ ಹತ್ಯೆಗೊಂಡು ಅಂತಃಕಲಹಗಳು ಹಬ್ಬಿದವು. ಪಕ್ಷಪಕ್ಷಗಳವರು ಪ್ರವಾದಿಯ ಹೆಸರಿನಲ್ಲಿ ಮಾತುಗಳನ್ನು ಹುಟ್ಟಿಸತೊಡಗಿದರು. ಆ ಕಲಹದ ಬಳಿಕವೇ ಜನರು ಹೇಳಿದವರ ಹೆಸರನ್ನು ಕೇಳಲಾರಂಭಿಸಿದರೆಂದು ಬಸ್ರಾ ನಗರದ ಇಬ್ನ್ ಸೀರೀನರು (ಮರಣ 729) ತಿಳಿಸಿದ್ದಾರೆ. ಈ ಇಬ್ನ್ ಸೀರೀನರು ಜವಳಿ ವ್ಯಾಪಾರಿಗಳು. ಒಮ್ಮೆ ಸಾಲಕ್ಕೆ ಕೊಂಡ ಎಣ್ಣೆಯ ಒಂದು ಪಾತ್ರೆಯಲ್ಲಿ ಸತ್ತ ಇಲಿ ಕಂಡಿತೆಂದು ಇಡೀ ದಾಸ್ತಾನನ್ನೇ ಚೆಲ್ಲಿಸಿ, ಆ ಸಾಲಕ್ಕಾಗಿ ಸೆರೆವಾಸವನ್ನು ಅನುಭವಿಸಿದರೆಂದು ಅವರ ಚರಿತ್ರೆಯಲ್ಲಿ ಹೇಳಿದೆ. ಅಂಗಡಿಯಲ್ಲಿ ಇಂಥ ನಿಷ್ಠೆಯುಳ್ಳವರು ಮಾತಿನ ವಿಷಯದಲ್ಲಿಯೂ ಶುದ್ಧಿಯನ್ನು ಬಯಸಿದ್ದು ಆಶ್ಚರ್ಯವಲ್ಲ.

ಕಾಲಕ್ರಮದಲ್ಲಿ ಪರೀಕ್ಷೆಗೆ ನಿಯಮಗಳು ಸಿದ್ಧವಾದವು. ಸರಪಳಿ ಎಲ್ಲಿಯೂ ತುಂಡಾಗಿರಬಾರದು, ಪ್ರತಿಯೊಬ್ಬ ನಿರೂಪಕನೂ ಶೀಲವಂತನಾಗಿರಬೇಕು, ಅವನ ಸ್ಮೃತಿ ಅಥವಾ ಬರಹ ಖಚಿತವಾಗಿರಬೇಕು, ತನಗಿಂತ ಹೆಚ್ಚು ವಿಶ್ವಾಸಾರ್ಹರಾದವರ ಹೇಳಿಕೆಗೆ ಅವನ ಮಾತು ವಿರುದ್ಧವಾಗಿರಬಾರದು, ಒಳಗೆ ಗುಪ್ತದೋಷವಿರಬಾರದು. ಈ ಐದೂ ಕೂಡಿದರೆ ಅದು ‘ಸಹೀಹ್’. ಇದಕ್ಕಾಗಿ ಸಹಸ್ರಾರು ನಿರೂಪಕರ ಜನನ, ಮರಣ, ಪ್ರವಾಸ, ಗುರುಶಿಷ್ಯ ಸಂಬಂಧಗಳನ್ನು ದಾಖಲಿಸಿದರು. ಸಿರಿಯಾದ ಹಿಮ್ಸ್ ನಗರದಲ್ಲಿ ಒಬ್ಬನು ಖಾಲಿದ್ ಇಬ್ನ್ ಮಅದಾನ್ ಎಂಬ ಪೂಜ್ಯರ ಹೆಸರಿನಲ್ಲಿ ಹದೀಸುಗಳನ್ನು ಹೇಳುತ್ತಿದ್ದನಂತೆ. ಅವರನ್ನು ಯಾವಾಗ ಕಂಡೆಯೆಂದು ಕೇಳಿದಾಗ ಹಿಜರಿ 108 ಎಂದನು. ಆ ಪೂಜ್ಯರು ತೀರಿಕೊಂಡದ್ದು ಹಿಜರಿ 104ರಲ್ಲಿ! ನಾಲ್ಕು ವರ್ಷಗಳ ಅಂತರವೇ ಅವನನ್ನು ಬಯಲಿಗೆಳೆಯಿತು.

ಸುಳ್ಳುಗಾರನಲ್ಲದವನನ್ನೂ ಈ ಶಾಸ್ತ್ರ ತೂಗದೆ ಬಿಡಲಿಲ್ಲ. ಬಸ್ರಾದ ಸಈದ್ ಇಬ್ನ್ ಅಬೀ ಅರೂಬಾ ಅವರು ಪ್ರಾಮಾಣಿಕರು. ಆದರೆ ವೃದ್ಧಾಪ್ಯದಲ್ಲಿ ಅವರ ಸ್ಮೃತಿ ಕದಡಿತು. ಆದುದರಿಂದ ಯಾವ ಶಿಷ್ಯರು ಮೊದಲು ಕೇಳಿದರು, ಯಾರು ಅನಂತರ ಕೇಳಿದರು ಎಂಬುದನ್ನು ವಿಂಗಡಿಸಿ, ಮೊದಲಿನವರ ನಿರೂಪಣೆಯನ್ನು ಉಳಿಸಿಕೊಂಡರು.

ಇಷ್ಟೆಲ್ಲ ಎಚ್ಚರವಹಿಸಿದವರಿಗೆ ಅತ್ಯಂತ ಕಠಿಣವಾಗಿ ತೋರಿದ್ದು ಸಾಧುಜನರ ವಿಷಯ. ಮದೀನಾದ ಇಮಾಮ್ ಮಾಲಿಕರು (ಮರಣ 795) ಪ್ರವಾದಿಯ ಮಸೀದಿಯ ಕಂಬಗಳ ಬಳಿ ಎಷ್ಟೋ ಮಂದಿ ಧರ್ಮನಿಷ್ಠರನ್ನು ಕಂಡಿದ್ದರು. ರಾಜ್ಯದ ಬೊಕ್ಕಸವನ್ನೇ ವಹಿಸಿದರೂ ಒಂದು ಕಾಸನ್ನೂ ಕಳೆಯದವರವರು. ಆದರೂ ಅವರಿಂದ ಒಂದು ಹದೀಸನ್ನೂ ಸ್ವೀಕರಿಸಲಿಲ್ಲವೆಂದು ಮಾಲಿಕರು ಹೇಳಿದ್ದಾರೆ. ಹಣದಲ್ಲಿ ನಂಬಿಗಸ್ತನಾದ ಮಾತ್ರಕ್ಕೆ ಒಬ್ಬನು ವಾರ್ತೆಯಲ್ಲಿಯೂ ನಂಬಿಗಸ್ತನಾಗಬೇಕೆಂದಿಲ್ಲ. ಅದು ಬೇರೆಯೇ ವಿದ್ಯೆ.

ಮುಅಮ್ಮಲ್ ಇಬ್ನ್ ಇಸ್ಮಾಯೀಲರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಕುರ್‌ಆನಿನ ಒಂದೊಂದು ಅಧ್ಯಾಯದ ಪಠನಕ್ಕೂ ಒಂದೊಂದು ಪುಣ್ಯಫಲವನ್ನು ಹೇಳುವ ದೀರ್ಘ ಹದೀಸೊಂದನ್ನು ಅವರಿಗೆ ಒಬ್ಬ ವೃದ್ಧರು ಹೇಳಿದರು. ಯಾರಿಂದ ಕೇಳಿದಿರಿ ಎಂದಾಗ ಮದಾಯಿನ್ ಊರಿನವರೊಬ್ಬರನ್ನು ತೋರಿಸಿದರು. ಮುಅಮ್ಮಲರು ಅಲ್ಲಿಗೆ ಹೋದರು. ಆತ ವಾಸಿತ್ ನಗರದವರನ್ನು ತೋರಿಸಿದ, ಅವರು ಬಸ್ರಾದವರನ್ನು, ಅವರು ಸಮುದ್ರತೀರದ ಅಬ್ಬಾದಾನಿನವರನ್ನು. ಕೊನೆಗೆ ಅಬ್ಬಾದಾನಿನ ಒಂದು ಮನೆಯಲ್ಲಿ ಸೂಫಿ ಸಾಧಕರ ನಡುವೆ ಕುಳಿತಿದ್ದ ಹಿರಿಯರೊಬ್ಬರು ನಿಸ್ಸಂಕೋಚವಾಗಿ ಒಪ್ಪಿಕೊಂಡರು: ಇದನ್ನು ತಮಗೆ ಯಾರೂ ಹೇಳಿಲ್ಲ, ಜನರು ಕುರ್‌ಆನಿನಿಂದ ವಿಮುಖರಾಗುತ್ತಿದ್ದುದರಿಂದ ಅವರ ಮನಸ್ಸನ್ನು ತಿರುಗಿಸಲು ತಾವೇ ರಚಿಸಿದ್ದು. ಉದ್ದೇಶ ನಿರ್ಮಲ, ಸ್ವಾರ್ಥ ಲವಲೇಶವೂ ಇಲ್ಲ. ಆದರೂ ಮಾತು ಸುಳ್ಳು. ಮೂಲವೇ ಬಯಲಾದ ಮೇಲೂ ಆ ಹದೀಸು ಜಮಖ್ಶರೀ (ಮರಣ 1144) ಅವರಂಥ ಮಹಾಪಂಡಿತರ ವ್ಯಾಖ್ಯಾನಗಳಲ್ಲಿ ಸ್ಥಾನ ಪಡೆಯಿತು. ಸದುದ್ದೇಶದ ಸುಳ್ಳಿಗೆ ಆಯುಷ್ಯ ಹೆಚ್ಚು.

ಬಾಗ್ದಾದಿನ ಗುಲಾಮ್ ಖಲೀಲ್ ಎಂಬ ವಿರಾಗಿಯೂ ಸಾಮಾನ್ಯರ ಹೃದಯ ಕರಗಲೆಂದು ತಾನೇ ಹದೀಸುಗಳನ್ನು ಕಟ್ಟಿದೆನೆಂದು ಒಪ್ಪಿದ್ದುಂಟು. 888ರಲ್ಲಿ ಅವನು ಸತ್ತ ದಿನ ಗೌರವಾರ್ಥವಾಗಿ ಬಾಗ್ದಾದಿನ ಪೇಟೆಗಳು ಮುಚ್ಚಿದುವಂತೆ. ಆದರೆ ಪರೀಕ್ಷಕರ ಖಾತೆಯಲ್ಲಿ ಅವನ ಹೆಸರು ಕೃತ್ರಿಮ ರಚಕರ ಪಟ್ಟಿಗೇ ಸೇರಿತು. ಪೇಟೆಯ ಗೌರವ ಅಲ್ಲಿ ಜಮೆಯಾಗಲಿಲ್ಲ.

ಇಂಥ ತೀರ್ಪನ್ನು ಕೊಡುವವರು ತಮ್ಮವರಿಗೂ ಅದೇ ತಕ್ಕಡಿಯನ್ನು ಹಿಡಿಯಬೇಕಷ್ಟೆ. ಅಲೀ ಇಬ್ನ್ ಅಲ್-ಮದೀನೀ (ಮರಣ 849) ಅವರನ್ನು ಅವರ ತಂದೆಯ ವಿಷಯವಾಗಿ ಕೇಳಿದರು. ಬೇರೆಯವರನ್ನು ಕೇಳಿ ಎಂದರು. ಒತ್ತಾಯಿಸಿದಾಗ ತಲೆ ತಗ್ಗಿಸಿ, ಬಳಿಕ ಎತ್ತಿ, ಇದು ಧರ್ಮದ ವಿಷಯ, ತಂದೆಯವರ ನಿರೂಪಣೆ ದುರ್ಬಲ ಎಂದರು. ಪಿತೃಭಕ್ತಿಗೆ ಕೊರತೆಯಿರಲಿಲ್ಲ, ಆದರೆ ಪಿತೃಭಕ್ತಿ ಸಾಕ್ಷಿಯಾಗಲಾರದು.

ಈ ಶಾಸ್ತ್ರ ಪೂರ್ಣ ನಿರ್ದೋಷವೆಂದು ಹೇಳುವಂತಿಲ್ಲ. ಇಮಾಮ್ ಬುಖಾರಿಯವರು (810-870) ಬಾಗ್ದಾದಿಗೆ ಬಂದಾಗ ಹತ್ತು ಮಂದಿ ನೂರು ಹದೀಸುಗಳ ಸರಪಳಿಗಳನ್ನು ಅದಲುಬದಲು ಮಾಡಿ ಪರೀಕ್ಷಿಸಿದರೆಂದೂ, ಅವರು ನೂರನ್ನೂ ಸರಿಪಡಿಸಿದರೆಂದೂ ಪ್ರಸಿದ್ಧ ಕಥೆಯಿದೆ. ಆದರೆ ಅದನ್ನು ದಾಖಲಿಸಿದ ಇಬ್ನ್ ಅದೀ ಅವರು ಹಲವು ಗುರುಗಳಿಂದ ಕೇಳಿದೆನೆನ್ನುತ್ತಾರೆಯೇ ಹೊರತು ಯಾರ ಹೆಸರನ್ನೂ ಹೇಳುವುದಿಲ್ಲ. ಸರಪಳಿಯ ಪರೀಕ್ಷೆಯ ಕಥೆಗೇ ಹೆಸರಿನ ಸರಪಳಿಯಿಲ್ಲ! ಪಾಶ್ಚಾತ್ಯ ವಿದ್ವಾಂಸರಲ್ಲಿ ಗೋಲ್ಡ್‌ಸಿಹರ್ 1890ರಲ್ಲಿಯೂ ಶಾಖ್ತ್ 1950ರಲ್ಲಿಯೂ ಎಷ್ಟೋ ಸರಪಳಿಗಳು ಅನಂತರದ ಕಾಲದಲ್ಲಿ ಹಿಂದಕ್ಕೆ ಬೆಳೆಸಿದವುಗಳೆಂದು ವಾದಿಸಿದರು. ಮೋಟ್ಸ್ಕಿಯವರು ಪಾಠವನ್ನೂ ಸರಪಳಿಯನ್ನೂ ಒಟ್ಟಿಗೆ ತೂಗಿ ನೋಡಿ, ಕೆಲವು ನಿರೂಪಣೆಗಳು ಶಾಖ್ತ್ ಭಾವಿಸಿದ್ದಕ್ಕಿಂತ ಹಳೆಯವೆಂದು ತೋರಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ.

ಪರನಿಂದೆಯ ಪ್ರಶ್ನೆಯೂ ಉಳಿಯುತ್ತದೆ. ಅವಶ್ಯಕತೆಯಿದ್ದರೆ ದೋಷವನ್ನು ಹೇಳಬಹುದು, ಆದರೆ ಒಂದು ಮಾತು ಸಾಕಾದಲ್ಲಿ ಎರಡನೆಯದನ್ನು ಆಡಬಾರದು ಎಂದು ಮುಂದಿನ ಆಚಾರ್ಯರು ಎಲ್ಲೆ ಹಾಕಿದರು. ಇಂದಿನ ತೆಹರಾನಿನ ಸಮೀಪದ ರಯ್ ನಗರದಲ್ಲಿದ್ದ ಇಬ್ನ್ ಅಬೀ ಹಾತಿಮರು (ಮರಣ 938) ನಿರೂಪಕರ ಗುಣದೋಷಗಳ ಬೃಹದ್ಗ್ರಂಥವನ್ನು ಬರೆದವರು. ಒಂದು ದಿನ ಅದನ್ನು ಶಿಷ್ಯರಿಗೆ ಓದಿ ಹೇಳುತ್ತಿದ್ದಾಗ, ಒಬ್ಬರು ಬಂದು ಯಹ್ಯಾ ಇಬ್ನ್ ಮಯೀನರ ಮಾತೊಂದನ್ನು ತಿಳಿಸಿದರು. ತಾವು ದೋಷವೆಣಿಸುತ್ತಿರುವ ಈ ಜನರು ಬಹುಶಃ ಎಂದೋ ಸ್ವರ್ಗವನ್ನು ಸೇರಿ ತಮ್ಮ ಗಂಟುಮೂಟೆಗಳನ್ನು ಇಳಿಸಿದ್ದಾರೆ ಎಂಬುದು ಅದರ ಆಶಯ. ಕೇಳಿದೊಡನೆ ಇಬ್ನ್ ಅಬೀ ಹಾತಿಮರು ಅತ್ತರು. ಕೈ ನಡುಗಿ ಗ್ರಂಥ ಕೆಳಗೆ ಬಿದ್ದಿತು. ಆ ಮಾತನ್ನು ಮತ್ತೆ ಮತ್ತೆ ಹೇಳಿಸಿ ಕೇಳಿದರು.

ಅವರು ಆ ಗ್ರಂಥವನ್ನು ಹಿಂತೆಗೆದುಕೊಳ್ಳಲಿಲ್ಲ; ಇಂದಿಗೂ ಅದು ಈ ಶಾಸ್ತ್ರದ ಆಧಾರಸ್ತಂಭ. ಸತ್ಯಕ್ಕಾಗಿ ಒಬ್ಬ ಸಜ್ಜನನ ದೋಷವನ್ನು ಬರೆಯಲೇಬೇಕಾದ ಸಂದರ್ಭಗಳು ಬರುತ್ತವೆ. ಆಗ ಲೇಖನಿ ನಿಲ್ಲಬಾರದು. ಆದರೆ ಕೈ ನಡುಗಬೇಕು.