ನನ್ನ ಬಹರೈನ್ ದಿನಗಳು – 14: ಎರಡು ಕೇಬಲ್

ಮೊನ್ನೆ ಪುತ್ತೂರಿನಿಂದ ಅತ್ತಿಗೆ ಫೋನ್ ಮಾಡಿದಾಗ "ನಿನ್ನ ಆ ಹಳೇ ಬಿಳಿ ಕಾರಿನ ಕಥೆ ಬರೆಯುವುದಿಲ್ಲವಾ?" ಅಂತ ಕೇಳಿದರು. ಬರೆಯಲು ಸ್ವಲ್ಪ ನಾಚಿಕೆ ಇತ್ತು, ಅದಕ್ಕೇ ಇಷ್ಟು ದಿನ ತಳ್ಳಿದ್ದು. ಇವತ್ತು ರಜೆ, ಬರೆದೇ ಬಿಡುತ್ತೇನೆ.

ಇದು 2004ರ ಮಾತು. ನಾನು ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಲೈಸೆನ್ಸ್ ಸಿಕ್ಕಿದ ಖುಷಿಯಲ್ಲಿ 1991ರ ಮಾಡೆಲ್‌ನ ಟೊಯೊಟಾ ಕೊರೊಲ್ಲಾ ಒಂದನ್ನು ಕೊಂಡಿದ್ದೆ. ಆಟೋಮೆಟಿಕ್ ಗೇರ್. ಎಡಗಾಲಿಗೆ ಕೆಲಸವೇ ಇಲ್ಲ ಅಂತ ಅಪ್ಪನಿಗೆ ಹೇಳಿದಾಗ ಅವರು ನಂಬಲೇ ಇಲ್ಲ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು ಅಂತ ನಿಮಗೆಲ್ಲ ಗೊತ್ತು. ಸಣ್ಣವಳಿದ್ದಾಗ ಅವರಿಗೆ ಸ್ಪ್ಯಾನರ್ ಎತ್ತಿ ಕೊಟ್ಟವಳು ನಾನು. ಹಾಗಾಗಿ ಕಾರಿನ ಬಗ್ಗೆ ನನಗೆ ಎಲ್ಲ ಗೊತ್ತು ಅನ್ನುವ ಅಹಂಕಾರ ಸ್ವಲ್ಪ ಜಾಸ್ತಿಯೇ ಇತ್ತು.

ಜೂನ್ ತಿಂಗಳಲ್ಲಿ ಕಾರು ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಸುಮ್ಮನೆ ಜೋರಾಗಿ ಓಡಲು ಶುರುವಾಯಿತು. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿರಬೇಕು ಅಂದುಕೊಂಡೆ. ಒಂದು ಶುಕ್ರವಾರ ಬೆಳಿಗ್ಗೆ ಈಸಾ ಟೌನ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಬಾನೆಟ್ ಎತ್ತಿ, ಏರ್ ಕ್ಲೀನರ್ ತೆಗೆದು, ಕಾರ್ಬ್ಯುರೇಟರ್ ಒರೆಸಿದೆ. ಅದರ ಪಕ್ಕದಲ್ಲಿ ಎರಡು ಕೇಬಲ್ ಇದ್ದವು, ನೋಡಲು ಅಕ್ಕ ತಂಗಿಯರ ಹಾಗೆ. ಒಂದರ ನಟ್ಟು ಸಡಿಲಿಸಿ, ಸ್ವಲ್ಪ ಲೂಸ್ ಮಾಡಿ ಮತ್ತೆ ಬಿಗಿ ಮಾಡಿದೆ. ಕಾರ್ಬ್ಯುರೇಟರ್ ಒರೆಸಿದ್ದಕ್ಕೋ ಏನೋ, ಎಂಜಿನ್ ಸದ್ದು ಕಡಿಮೆಯಾಯಿತು. ನನ್ನ ಕೈಗುಣ ಅಂತ ಬೀಗಿದೆ.

ಆ ವಾರದಿಂದಲೇ ಕಾರು ಬದಲಾಯಿತು. ಗೇರುಗಳು ತುಂಬಾ ಬೇಗ ಬೇಗ, ಮೆತ್ತಗೆ ಜಾರಿ ಬೀಳುತ್ತಿದ್ದವು. ಮೊದಮೊದಲು "ಎಷ್ಟು ಸ್ಮೂತ್!" ಅನ್ನಿಸಿತು. ಆಮೇಲೆ ಒಂದು ಸಂಜೆ ನೈಟ್ ಡ್ಯೂಟಿಗೆ ಹೋಗುವಾಗ ಮನಾಮದ ಕಡೆಯ ಹೈವೇಗೆ ಸೇರಿಕೊಳ್ಳಬೇಕು, ಹಿಂದಿನಿಂದ ನೀರಿನ ಟ್ಯಾಂಕರ್ ಬರುತ್ತಿದೆ. ಪೆಡಲ್ ಪೂರ್ತಿ ಒತ್ತಿದೆ. ಮೊದಲಾದರೆ ಹಾಗೆ ಒತ್ತಿದ ಕೂಡಲೇ ಗೇರ್ ಕೆಳಗಿಳಿದು ಕಾರು ಹಾರುತ್ತಿತ್ತು. ಅವತ್ತು ಎಂಜಿನ್ ಕಿರುಚಿತು, ಕಾರು ಮಾತ್ರ ಮುಂದೆ ಹೋಗಲೊಲ್ಲದು. ಟ್ಯಾಂಕರಿನವನ ಹಾರ್ನ್ ಇವತ್ತಿಗೂ ಕಿವಿಯಲ್ಲಿದೆ. ಹೇಗೋ ಅಂಚಿಗೆ ತಂದು ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಆ ರಾತ್ರಿ ವಾರ್ಡಿನಲ್ಲಿ ಒಂದು ಐವಿ ಹಾಕಲು ಎರಡು ಸಲ ಚುಚ್ಚಬೇಕಾಯಿತು, ಪಾಪ ಆ ಅಜ್ಜಿ.

ಮರುದಿನ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಒಂದು ಸುತ್ತು ಓಡಿಸಿ ಬಂದು "ಗೇರ್‌ಬಾಕ್ಸ್ ಖಲಾಸ್, 180 ದಿನಾರ್" ಅಂದ. ಆಗ ಒಂದು ದಿನಾರ್ ಅಂದರೆ ಸುಮಾರು 120 ರೂಪಾಯಿ. ಲೆಕ್ಕ ಹಾಕಿಕೊಳ್ಳಿ. ಅದು ತಮ್ಮನ ಕಾಲೇಜು ಫೀಸಿಗೆ ಅಂತ ತೆಗೆದಿಟ್ಟಿದ್ದ ಹಣ, ಕಟ್ಟಲು ಹತ್ತು ದಿನ ಬಾಕಿ. ಆ ಹುಡುಗನನ್ನು ನಾನು ಬಯ್ಯುವುದಿಲ್ಲ. ಅವನು ಕೇಳಿದ್ದು "ಎಷ್ಟು ದಿನದಿಂದ ಹೀಗೆ?" ಅಂತ. ನಾನು "ಗೊತ್ತಿಲ್ಲ, ಇದ್ದಕ್ಕಿದ್ದಂತೆ" ಅಂದೆ. ನಾನೇ ಕೈ ಹಾಕಿದ್ದೆ ಅನ್ನುವುದನ್ನು ಬಾಯಿಬಿಡಲಿಲ್ಲ.

ಅಪ್ಪನಿಗೂ ಹೇಳಲಿಲ್ಲ. ಫೋನ್ ಕಾರ್ಡಿನಲ್ಲಿ ಐದು ನಿಮಿಷ ಮಾತಾಡಿ, ಫೀಸು ಸ್ವಲ್ಪ ತಡವಾಗಬಹುದು ಅಂದೆ. ಅಪ್ಪ ಏನೂ ಕೇಳದೆ "ಆಯ್ತು ಮಗಾ" ಅಂದರು. ಬಯ್ದಿದ್ದರೆ ವಾಸಿ ಇತ್ತು.

ನನ್ನ ಜೊತೆಯ ಸಿಸ್ಟರ್ ಒಬ್ಬಳು ಸಲ್ಮಾಬಾದಿನಲ್ಲಿ ಕಾಸರಗೋಡಿನ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ, ತೋರಿಸಿ ನೋಡು ಅಂದಳು. ಎಲ್ಲರೂ ಅವರನ್ನು ಕಾಕ ಅಂತಲೇ ಕರೆಯುವುದು. ಹೋದೆ. ನಮ್ಮ ಕಡೆಯ ಕನ್ನಡ ಕೇಳಿ ಅರ್ಧ ಜೀವ ಬಂತು. ಕಾಕ ಮೊದಲು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಗೇರ್ ಆಯಿಲಿನ ಕಡ್ಡಿ ತೆಗೆದು ಬಿಳಿ ಟಿಶ್ಯೂ ಮೇಲೆ ಒರೆಸಿದರು. ಬೆಳಕಿಗೆ ಹಿಡಿದರು. ಮೂಸಿ ನೋಡಿ ನನಗೂ ಕೊಟ್ಟರು. "ಕೆಂಪು ಉಂಟಲ್ಲಾ? ಕರಟಿದ ವಾಸನೆ ಇಲ್ಲ. ಪ್ಲೇಟು ಇನ್ನೂ ಸುಟ್ಟಿಲ್ಲ ಮಾರಾಯ್ತಿ." ಆಮೇಲೆ ಬಾನೆಟ್ಟಿನೊಳಗೆ ಬಗ್ಗಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಟ್ಟಿನ ಮೇಲೆ ಹೊಸ ಸ್ಪ್ಯಾನರ್ ಗುರುತು.

"ಇದನ್ನು ಯಾರು ಮುಟ್ಟಿದ್ದು?"

ನಾವು ವಾರ್ಡಿನಲ್ಲಿ ರೋಗಿಗಳಿಗೆ ದಿನಾ ಬೈಯುತ್ತೇವೆ, ನಾಟಿ ಔಷಧಿ ತಗೊಂಡದ್ದನ್ನು ಯಾಕೆ ಮೊದಲೇ ಹೇಳಲಿಲ್ಲ ಅಂತ. ಅವರು ಯಾಕೆ ಹೇಳುವುದಿಲ್ಲ ಅಂತ ಅವತ್ತು ಗೊತ್ತಾಯಿತು. "ನಾನೇ ಕಾಕ" ಅಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಹತ್ತಿರ ಕರೆದು ತೋರಿಸಿದರು.

ಎರಡರಲ್ಲಿ ಒಂದು ಪೆಡಲಿನಿಂದ ಬರುವುದು. ಇನ್ನೊಂದು ಕಾರ್ಬ್ಯುರೇಟರಿನಿಂದ ಕೆಳಗೆ ಗೇರ್‌ಬಾಕ್ಸಿಗೆ ಹೋಗುವುದು. ಕಾಲು ಎಷ್ಟು ಒತ್ತಿದೆ ಅನ್ನುವ ಸುದ್ದಿಯನ್ನು ಗೇರ್‌ಬಾಕ್ಸಿನೊಳಗಿನ ಥ್ರಾಟಲ್ ವಾಲ್ವಿಗೆ ಮುಟ್ಟಿಸುವುದು ಅದೇ. ಹೆಚ್ಚು ಒತ್ತಿದರೆ ಒಳಗೆ ಆಯಿಲಿನ ಒತ್ತಡ ಏರುತ್ತದೆ, ಕ್ಲಚ್ ಪ್ಲೇಟುಗಳು ಗಟ್ಟಿಯಾಗಿ ಹಿಡಿಯುತ್ತವೆ. ನಾನು ಸಡಿಲಿಸಿದ್ದು ಇದನ್ನು. ಅಂದರೆ ಎಂಜಿನ್ ಪೂರ್ತಿ ಬಲದಿಂದ ಎಳೆಯುತ್ತಿದೆ, ಗೇರ್‌ಬಾಕ್ಸಿಗೆ ಮಾತ್ರ ಮೆತ್ತಗೆ ಹೋಗುತ್ತಿದ್ದೇವೆ ಅನ್ನುವ ಸುದ್ದಿ. ಬಿಪಿ ಇಲ್ಲದ ರೋಗಿಯನ್ನು ಎಬ್ಬಿಸಿ ಓಡಿಸಿದ ಹಾಗೆ. ಹೀಗೇ ಓಡಿಸುತ್ತಾ ಹೋಗಿದ್ದರೆ ಪ್ಲೇಟು ಜಾರಿ ಜಾರಿ ಸುಟ್ಟು, 180 ದಿನಾರ್ ನಿಜವಾಗಿಯೂ ಬೇಕಾಗುತ್ತಿತ್ತು.

ಎಂಜಿನ್ ಆಫ್ ಮಾಡಿಸಿ ನನ್ನನ್ನು ಸೀಟಿನಲ್ಲಿ ಕೂರಿಸಿದರು. "ಪೆಡಲ್ ಪೂರ್ತಿ ಒತ್ತಿ ಹಿಡೀರಿ ಸಿಸ್ಟರ್, ಬಿಡಬೇಡಿ." ಕಾರ್ಬ್ಯುರೇಟರ್ ಪೂರ್ತಿ ತೆರೆದಿದೆಯಾ ಅಂತ ಮೊದಲು ನೋಡಿಕೊಂಡರು. ಆ ಕೇಬಲ್ಲಿನ ತಂತಿಯ ಮೇಲೆ ಒಂದು ಸಣ್ಣ ಮಣಿಯ ಹಾಗಿನ ತಡೆ ಇದೆ. ಪೆಡಲ್ ಪೂರ್ತಿ ಒತ್ತಿದಾಗ ಅದು ರಬ್ಬರ್ ಟೋಪಿಯ ತುದಿಗೆ ಸರಿಯಾಗಿ ಇರಬೇಕು, ನಡುವೆ ಸಂದಿ ಇದ್ದರೆ 1 ಮಿಲಿಮೀಟರ್ ದಾಟಬಾರದು. ನನ್ನದರಲ್ಲಿ ಮಣಿ ಕಾಣುತ್ತಲೇ ಇರಲಿಲ್ಲ, ರಬ್ಬರಿನೊಳಗೇ ಅಡಗಿತ್ತು. ಎರಡು ನಟ್ಟು ಸಡಿಲಿಸಿ, ಕೇಬಲ್ಲಿನ ಹೊರಕವಚವನ್ನು ಹಿಂದಕ್ಕೆ ಸರಿಸಿ, ಮತ್ತೆ ಬಿಗಿ ಮಾಡಿದರು. ಜಾಸ್ತಿ ಎಳೆದರೂ ಕಷ್ಟವಂತೆ, ಗೇರ್ ತಡವಾಗಿ, ಧಡಕ್ಕನೆ ಬೀಳುತ್ತದೆ. ಸೆಕೆಗೆ ನನ್ನ ಯೂನಿಫಾರ್ಮ್ ಒದ್ದೆಯಾಗಿತ್ತು, ಕಾಲು ಜೋಮು ಹಿಡಿದಿತ್ತು. ಎಲ್ಲ ಸೇರಿ ಹದಿನೈದು ನಿಮಿಷ.

ಕಾಕ ತಗೊಂಡದ್ದು ಎರಡು ದಿನಾರ್. ವಾಪಸ್ ಬರುವಾಗ ಹೈವೇಯಲ್ಲಿ ಧೈರ್ಯ ಮಾಡಿ ಪೂರ್ತಿ ಒತ್ತಿದೆ. ಗೇರ್ ಇಳಿಯಿತು, ಕಾರು ಹಾರಿತು. ಒಬ್ಬಳೇ ಕೂತು ಅತ್ತೆ.

ಫೀಸು ಸಮಯಕ್ಕೆ ಹೋಯಿತು. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಟ್ಯಾಂಕರ್ ಒಂದನ್ನು ಬಿಟ್ಟು. ಅಪ್ಪ ಕೇಳಿದ ಪ್ರಶ್ನೆ ಒಂದೇ: "ಸಂದಿ ಎಷ್ಟು ಅಂದೆ?" ಮುಂದಿನ ವರ್ಷ ರಜೆಗೆ ಬಂದಾಗ ನೋಡಿದರೆ, ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಹಾಲಿನ ಲೆಕ್ಕದ ಪಕ್ಕದಲ್ಲಿ ಅವರ ಅಕ್ಷರ: "ಟೊಯೊಟಾ, ಆಟೋಮೆಟಿಕ್. ಪೂರ್ತಿ ಒತ್ತಿ. 1 ಮಿ.ಮೀ. ಒಳಗೆ."