ಕಾಗೋಡಿನ ಕೊಳಗ ಮತ್ತು ವಾದದ ತೀರ್ಮಾನ

ಸ್ಪರ್ಧಾತ್ಮಕ ಪರೀಕ್ಷೆಗಳ ತಾರ್ಕಿಕ ಸಾಮರ್ಥ್ಯದ ಭಾಗದಲ್ಲಿ ಒಂದು ಬಗೆಯ ಪ್ರಶ್ನೆ ಬರುತ್ತದೆ. ಐದಾರು ವಾಕ್ಯಗಳ ವಾದವೊಂದನ್ನು ಕೊಟ್ಟು, ಇದರ ಮುಖ್ಯ ತೀರ್ಮಾನ ಯಾವುದು ಎಂದು ಕೇಳುತ್ತಾರೆ. ಆನಂದಪುರ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯಿಂದ ಶಿವಮೊಗ್ಗಕ್ಕೆ ಹೋಗಿ ತಯಾರಿ ನಡೆಸುವ ಹುಡುಗ ಹುಡುಗಿಯರಿಗೆ ಇದಕ್ಕೆ ಸಾಮಾನ್ಯವಾಗಿ ಸಿಗುವ ಉಪಾಯ ಇಷ್ಟೆ: ‘ಆದ್ದರಿಂದ’, ‘ಹೀಗಾಗಿ’ ಎಂಬ ಪದಗಳನ್ನು ಹುಡುಕಿ, ಸಿಗದಿದ್ದರೆ ಕೊನೆಯ ವಾಕ್ಯವನ್ನು ಗುರುತು ಮಾಡಿ. ಈ ಉಪಾಯ ಕೈಕೊಡುತ್ತದೆ. ತೀರ್ಮಾನಕ್ಕೆ ಗೊತ್ತಾದ ಜಾಗವಿಲ್ಲ, ಗೊತ್ತಾದ ಗುರುತೂ ಇಲ್ಲ. ಉಳಿದ ಮಾತುಗಳೆಲ್ಲ ಯಾವ ಮಾತಿಗೆ ಆಸರೆಯಾಗಿ ನಿಂತಿವೆಯೋ ಅದೇ ತೀರ್ಮಾನ. ನಮ್ಮ ನ್ಯಾಯಶಾಸ್ತ್ರದವರು ಇದನ್ನು ಚೆನ್ನಾಗಿ ಬಲ್ಲವರು. ಅವರ ಐದು ಅವಯವಗಳ ವಾದದಲ್ಲಿ ಪ್ರತಿಜ್ಞೆ ಮೊದಲು ಬರುತ್ತದೆ, ನಿಗಮನ ಕಡೆಗೆ ಬರುತ್ತದೆ, ಎರಡರಲ್ಲೂ ಇರುವುದು ಒಂದೇ ಮಾತು. ಅವರ ಉದಾಹರಣೆಯಲ್ಲಿ ಬೆಟ್ಟದಲ್ಲಿ ಬೆಂಕಿಯಿದೆ ಎಂಬ ಮಾತು ತಲೆಯಲ್ಲೂ ಇರಬಹುದು, ತುದಿಯಲ್ಲೂ ಇರಬಹುದು. ಅದನ್ನು ಸಾಧಿಸುವುದು ನಡುವೆ ಬರುವ ಹೊಗೆ ಎಂಬ ಹೇತು.

ಇದನ್ನು ತೋರಿಸಲು ದೂರದ ಉದಾಹರಣೆ ಬೇಕಿಲ್ಲ, ಸಾಗರ ತಾಲ್ಲೂಕಿನ ಕಾಗೋಡೇ ಸಾಕು. 1951ರ ಏಪ್ರಿಲ್‌ನಲ್ಲಿ ಅಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದ್ದರು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ಆರಗದ ಶಾಂತವೇರಿ ಗೋಪಾಲಗೌಡರು ಅದರಲ್ಲಿ ದುಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಹುಟ್ಟಿದ್ದು ಕೊಳಗದಿಂದ. ಕಣದಲ್ಲಿ ರಾಶಿ ಹಾಕಿದ ಭತ್ತವನ್ನು ಗೇಣಿಗೆಂದು ಅಳೆಯುವಾಗ ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದಾಗಿತ್ತು. ಎಣಿಕೆ ಕರಾರಿನಷ್ಟೇ ಇದ್ದರೂ ಒಂದೊಂದು ಕೊಳಗ ತುಂಬಿದಾಗಲೂ ಒಕ್ಕಲಿನ ಪಾಲು ಅಷ್ಟಷ್ಟು ಕರಗುತ್ತಿತ್ತು.

ಇದನ್ನೇ ಪರೀಕ್ಷೆಯ ವಾದದ ರೂಪಕ್ಕೆ ತಂದು ನೋಡೋಣ. “ಒಡೆಯರ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಆದ್ದರಿಂದ ಗೇಣಿದಾರ ಕರಾರಿಗಿಂತ ಹೆಚ್ಚು ಭತ್ತ ಅಳೆಯುತ್ತಿದ್ದಾನೆ. ಕೊಳಗ ಸರಿಮಾಡಿದರೆ ಸಾಕು ಎನ್ನುವವರಿದ್ದಾರೆ. ಆದರೆ ಉಳುವವನಿಗೇ ಭೂಮಿಯ ಹಕ್ಕು ಸಿಗಬೇಕು. ಹಕ್ಕು ಒಡೆಯನಲ್ಲಿ ಇರುವವರೆಗೆ, ಇಂಥ ಅನ್ಯಾಯವನ್ನು ಪ್ರಶ್ನಿಸಿದ ಒಕ್ಕಲನ್ನು ಎಬ್ಬಿಸಿಬಿಡಬಹುದು. ಸ್ವಂತವಾದ ನೆಲಕ್ಕೆ ರೈತ ಮನಸ್ಸಿಟ್ಟು ಗೊಬ್ಬರ ಹೊರುತ್ತಾನೆ.” ಗುರುತಿನ ಪದ ಹುಡುಕುವವನು ಎರಡನೆಯ ವಾಕ್ಯಕ್ಕೆ ಬೀಳುತ್ತಾನೆ, ಏಕೆಂದರೆ ‘ಆದ್ದರಿಂದ’ ಇರುವುದು ಅಲ್ಲಿ. ಅದು ತೀರ್ಮಾನವೇ ಹೌದು, ಮೊದಲ ವಾಕ್ಯದಿಂದ ಹೊರಟದ್ದು. ಆದರೆ ಅದು ಅಲ್ಲಿಗೆ ನಿಲ್ಲದೆ ಮುಂದಿನ ಮಾತಿಗೆ ಆಧಾರವಾಗುತ್ತದೆ, ಹಾಗಾಗಿ ನಡುವಿನ ತೀರ್ಮಾನ ಮಾತ್ರ. ಮೂರನೆಯದು ಪೂರ್ವಪಕ್ಷ, ಬರೆದವನ ಮಾತೇ ಅಲ್ಲ. ಕೊನೆಯ ವಾಕ್ಯ ಒಂದು ಕಾರಣ. ಅನುಮಾನವಿದ್ದರೆ ಎರಡು ವಾಕ್ಯಗಳ ನಡುವೆ ‘ಏಕೆಂದರೆ’ ಇಟ್ಟು, ಹಿಂದುಮುಂದು ಮಾಡಿ ಓದಿ. ಉಳುವವನಿಗೆ ಹಕ್ಕು ಸಿಗಬೇಕು, ಏಕೆಂದರೆ ಸ್ವಂತ ನೆಲಕ್ಕೆ ಆತ ಗೊಬ್ಬರ ಹೊರುತ್ತಾನೆ: ಮಾತು ನಿಲ್ಲುತ್ತದೆ. ಸ್ವಂತ ನೆಲಕ್ಕೆ ಗೊಬ್ಬರ ಹೊರುತ್ತಾನೆ, ಏಕೆಂದರೆ ಅವನಿಗೆ ಹಕ್ಕು ಸಿಗಬೇಕು: ಮಾತು ಬಿದ್ದುಹೋಗುತ್ತದೆ. ಯಾವ ಗುರುತೂ ಇಲ್ಲದೆ, ವಾದದ ನಡುವೆ, ‘ಆದರೆ’ಯ ಹಿಂದೆ ಕೂತಿರುವ ನಾಲ್ಕನೆಯ ವಾಕ್ಯವೇ ಮುಖ್ಯ ತೀರ್ಮಾನ. ಅದಕ್ಕೆ ಉಳಿದ ಕಾರಣಗಳ ಆಸರೆಯಿದೆ, ಅದು ಇನ್ಯಾವುದಕ್ಕೂ ಆಸರೆ ಕೊಡುತ್ತಿಲ್ಲ.

ಇದು ಅಂಕದ ಮಾತಷ್ಟೇ ಅಲ್ಲ. ಕೊಳಗವೇ ಕಾಗೋಡಿನ ಕೊನೆಯ ಮಾತಾಗಿದ್ದರೆ ಅಳತೆ ಸರಿಮಾಡಿದ ದಿನ ವಿಷಯ ಮುಗಿಯುತ್ತಿತ್ತು. ಹಾಗೆ ಮುಗಿಯಲಿಲ್ಲ. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದ ಗೋಪಾಲಗೌಡರು ಭೂಮಿಯ ಪ್ರಶ್ನೆಯನ್ನು ವಿಧಾನಸಭೆಗೆ ಒಯ್ದರು. 1961ರಲ್ಲಿ ಭೂಸುಧಾರಣಾ ಕಾಯ್ದೆ ಬಂತು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು, ಅರ್ಜಿಗಳ ವಿಚಾರಣೆಗೆ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕೂತವು. ಕಾರಣವನ್ನೇ ತೀರ್ಮಾನವೆಂದು ಓದುವವನಿಗೆ ಈ ಇಪ್ಪತ್ತಮೂರು ವರ್ಷ ಅರ್ಥವಾಗುವುದಿಲ್ಲ.

ನಿಜವಾದ ವಾದಗಳಿಗೆ ಒಂದೇ ತೀರ್ಮಾನ ಎಲ್ಲಿರುತ್ತದೆ, ಕಾಗೋಡಿಗೆ ಹೋದವರಲ್ಲಿ ಒಬ್ಬನಿಗೆ ಅಳತೆ, ಇನ್ನೊಬ್ಬನಿಗೆ ಮಾನ, ಮತ್ತೊಬ್ಬನಿಗೆ ಭೂಮಿ ಮುಖ್ಯವಾಗಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ತೂಕದ್ದೇ. ಆದರೆ ಪರೀಕ್ಷೆ ಕೇಳುವುದು ಚಳವಳಿಯ ತೀರ್ಮಾನವನ್ನಲ್ಲ, ಮುಂದಿರುವ ಆರು ವಾಕ್ಯಗಳ ತೀರ್ಮಾನವನ್ನು. ಇತಿಹಾಸ ಬಲ್ಲ ಹುಡುಗಿ ಎಡವುವುದೂ ಇಲ್ಲೇ. ‘ಗೇಣಿ ಪದ್ಧತಿ ರದ್ದಾಗಬೇಕು’ ಎಂಬ ಆಯ್ಕೆ ಕಂಡರೆ, ಮುಂದೆ ಆದದ್ದು ಅದೇ ಎಂದು ಗೊತ್ತಿರುವುದರಿಂದ, ವಾದ ಹೇಳದ ಆ ಮಾತಿಗೆ ಗುರುತು ಹಾಕುತ್ತಾಳೆ. ಬರೆದವನು ಏನು ಹೇಳುತ್ತಿದ್ದಾನೆ ಎಂಬುದನ್ನು ನಮಗೆ ಗೊತ್ತಿರುವುದರಿಂದ ಬೇರ್ಪಡಿಸಿ ಹಿಡಿಯುವುದು ಒಪ್ಪುವುದಕ್ಕೂ ವಿರೋಧಿಸುವುದಕ್ಕೂ ಮುಂಚಿನ ಕೆಲಸ. ಒಂದು ನಿಮಿಷದಲ್ಲಿ ಇಷ್ಟೆಲ್ಲ ಆಗುತ್ತದೆಯೇ ಎಂದರೆ, ಅಭ್ಯಾಸವಿದ್ದವರಿಗೆ ಆಗುತ್ತದೆ. ದಿನದ ಪತ್ರಿಕೆಯ ಸಂಪಾದಕೀಯ ಓದಿ ಇದರ ತೀರ್ಮಾನ ಯಾವ ವಾಕ್ಯ ಎಂದು ಹುಡುಕುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತಿಳಿದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಅದು ಸರಿಯಾಗಿಯೇ ಇದೆ. ವಾದದ ವಾಕ್ಯಗಳೇ ಕೆಟ್ಟ ಅನುವಾದವಾಗಿದ್ದರೆ ಯಾವುದು ಯಾವುದಕ್ಕೆ ಆಸರೆ ಎಂದು ಹುಡುಕುವುದು ಹೇಗೆ? 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು, ಮರುಪರೀಕ್ಷೆಯ ಅನುವಾದದ ಮೇಲೂ ದೂರುಗಳು ಬಂದವು. ಬೇರೆ ಪ್ರಶ್ನೆಗಳಲ್ಲಿ ಒಂದು ಪದ ತಪ್ಪಿದರೆ ಊಹಿಸಿಕೊಂಡಾದರೂ ಹೋಗಬಹುದು. ಇಂಥ ಪ್ರಶ್ನೆಯಲ್ಲಿ ‘ಆದರೂ’ ಇರಬೇಕಾದಲ್ಲಿ ‘ಆದ್ದರಿಂದ’ ಬಂದರೆ ವಾದವೇ ತಲೆಕೆಳಗಾಗುತ್ತದೆ, ಕನ್ನಡದಲ್ಲಿ ಬರೆಯುವ ಅಭ್ಯರ್ಥಿ ತನ್ನದಲ್ಲದ ತಪ್ಪಿಗೆ ಅಂಕ ಕಳೆದುಕೊಳ್ಳುತ್ತಾನೆ. ಪ್ರಶ್ನೆ ಪತ್ರಿಕೆ ಸಿದ್ಧಪಡಿಸುವವರಲ್ಲಿ ನನ್ನ ಕೇಳಿಕೆ ಇದು: ಈ ಭಾಗದ ವಾದಗಳನ್ನು ಇಂಗ್ಲಿಷಿನಿಂದ ತರಬೇಡಿ, ಕನ್ನಡದಲ್ಲೇ ಬರೆಸಿ. ಭೂಮಿ, ನೀರು, ಅಡಿಕೆ, ಅರಣ್ಯ ಹಕ್ಕು ಹೀಗೆ ನಮ್ಮಲ್ಲಿ ನಡೆದ ಮತ್ತು ನಡೆಯುತ್ತಿರುವ ವಾದಗಳು ಬೇಕಾದಷ್ಟಿವೆ.